ಕತ್ತಿನ ಗಂಟು ತೆಗೆಯೋಕೆ ಮೂಳೆ ಯಾಕೆ ಕತ್ತರಿಸಬೇಕು?

ಪ್ರಶ್ನೆ: ನನ್ನ ಮಗನಿಗೆ 5 ವರ್ಷ. ಹೋದ ತಿಂಗಳು ನೆಗಡಿ, ಜ್ವರ ಬಂದು ವಾಸಿಯಾದ ಮೇಲೆ ಕತ್ತಿನ ಮುಂದೆ, ಸರಿಯಾಗಿ ನಡುವೆ, ಒಂದು ಗಂಟು ಕಾಣಿಸಿಕೊಂಡಿತು. ನೋವಿಲ್ಲ. ನಾಲಿಗೆ ಹೊರಗೆ ಚಾಚಿದರೆ ಗಂಟು ಮೇಲಕ್ಕೆ ಸರಿಯುತ್ತದೆ. ಇದು ಹುಟ್ಟುವ ಮೊದಲಿನಿಂದಲೂ ಇರುವ ತೊಂದರೆ, ಆಪರೇಷನ್‌ನಲ್ಲಿ ಗಂಟಿನ ಜೊತೆ ಒಂದು ಚೂರು ಮೂಳೆಯನ್ನೂ ತೆಗೆಯಬೇಕು ಎನ್ನುತ್ತಾರೆ ಡಾಕ್ಟರ್. ಹುಟ್ಟಿದಾಗ ಇಲ್ಲದ್ದು ಈಗ ಹೇಗೆ ಬಂತು? ಇಷ್ಟು ಸಣ್ಣ ಗಂಟಿಗೆ ಮೂಳೆ ಯಾಕೆ ಕತ್ತರಿಸಬೇಕು? ಬಸುರಿಯಾಗಿದ್ದಾಗ ನನ್ನಿಂದ ಏನಾದರೂ ತಪ್ಪಾಯಿತಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ನಿಮ್ಮಿಂದ ಯಾವ ತಪ್ಪೂ ಆಗಿಲ್ಲ. ನೀವು ತಿಂದದ್ದಾಗಲಿ, ಮಾಡಿದ ಕೆಲಸವಾಗಲಿ ಇದಕ್ಕೆ ಕಾರಣವಲ್ಲ. ಸುಮ್ನೆ ಆ ಭಾರ ಹೊರಬೇಡಿ.

ನಾಲಿಗೆ ಚಾಚಿದರೆ ಗಂಟು ಮೇಲೇಳುತ್ತದೆ ಎಂದು ಬರೆದಿದ್ದೀರಲ್ಲ, ಅದೇ ದೊಡ್ಡ ಸುಳಿವು. ಇದು ಬಹುತೇಕ ಥೈರೋಗ್ಲಾಸಲ್ ಸಿಸ್ಟ್ ಇರಬೇಕು, ಅಂದರೆ ಲೋಳೆ ತುಂಬಿದ ಒಂದು ಸಣ್ಣ ಚೀಲ. ಅದು ಹೇಗೆ ಬರುತ್ತದೆ ಅಂತ ತಿಳಿಯಲು ಭ್ರೂಣದ ನಾಲ್ಕನೇ ವಾರಕ್ಕೆ ಹೋಗಬೇಕು.

ಆಗ ಭ್ರೂಣ ಕೆಲವೇ ಮಿಲಿಮೀಟರ್ ಉದ್ದ. ಕತ್ತು ಅನ್ನುವಂಥದ್ದು ಇನ್ನೂ ಇಲ್ಲ. ಗಂಟಲಾಗಬೇಕಾದ ಜಾಗದ ಎರಡೂ ಪಕ್ಕದಲ್ಲಿ ಕಮಾನಿನಂಥ ಉಬ್ಬುಗಳು ಒಂದರ ಕೆಳಗೊಂದು ಏಳುತ್ತವೆ. ಮೊದಲ ಕಮಾನಿನಿಂದ ದವಡೆ ಬರುತ್ತದೆ, ಕಿವಿಯೊಳಗಿನ ಮೂರು ಪುಟ್ಟ ಮೂಳೆಗಳಲ್ಲಿ ಎರಡೂ ಅದರಿಂದಲೇ. ಅಗಿಯುವ ಮೂಳೆಗೂ ಕೇಳಿಸುವ ಮೂಳೆಗೂ ಮೂಲ ಒಂದೇ ಅಂದರೆ ನಂಬೋದು ಕಷ್ಟ, ಅಲ್ವಾ? ನಿಮ್ಮ ಮಗನ ವಿಷಯಕ್ಕೆ ಬೇಕಾದದ್ದು ಎರಡನೆಯ ಮತ್ತು ಮೂರನೆಯ ಕಮಾನು. ಹೈಯಾಯ್ಡ್ ಮೂಳೆ ಹುಟ್ಟುವುದು ಇವೆರಡರಿಂದ. ಗಂಟಲ ಉಬ್ಬಿನ ಸ್ವಲ್ಪ ಮೇಲೆ ಹೆಬ್ಬೆರಳು, ತೋರುಬೆರಳಿನಿಂದ ಮೆಲ್ಲಗೆ ಹಿಡಿದು ಎಂಜಲು ನುಂಗಿ ನೋಡಿ. ಬೆರಳ ನಡುವೆ ಗಟ್ಟಿಯಾದದ್ದೊಂದು ಮೇಲೆ ಜಾರಿ ಕೆಳಗೆ ಬರುತ್ತದೆ. ಅದೇ ಹೈಯಾಯ್ಡ್.

ಥೈರಾಯ್ಡ್ ಗ್ರಂಥಿ ಇರುವುದು ಕತ್ತಿನ ಕೆಳಭಾಗದಲ್ಲಿ. ಆದರೆ ಹುಟ್ಟುವುದು ಅಲ್ಲಲ್ಲ, ನಾಲಿಗೆಯ ಬುಡದಲ್ಲಿ. ಅಲ್ಲಿಂದ ಕತ್ತಿನ ನಡುವೆ ನೇರ ಕೆಳಗಿಳಿಯುತ್ತಾ, ಹೈಯಾಯ್ಡ್ ಬೆಳೆಯಬೇಕಾದ ಜಾಗವನ್ನು ದಾಟಿ, ಸುಮಾರು ಏಳನೇ ವಾರಕ್ಕೆ ತನ್ನ ಸ್ಥಾನ ಸೇರುತ್ತದೆ. ಇಳಿಯುವಾಗ ಹಿಂದೆ ಒಂದು ಸಣ್ಣ ನಾಳ ಬಿಡುತ್ತದೆ. ಹತ್ತನೇ ವಾರದ ಹೊತ್ತಿಗೆ ಆ ನಾಳ ಸಾಮಾನ್ಯವಾಗಿ ಕರಗಿಹೋಗುತ್ತದೆ. ಅದು ಶುರುವಾದ ಜಾಗದಲ್ಲಿ, ನಾಲಿಗೆಯ ಹಿಂಭಾಗದಲ್ಲಿ, ಒಂದು ಸಣ್ಣ ಕುಳಿ ಮಾತ್ರ ನಮ್ಮೆಲ್ಲರಲ್ಲೂ ಜೀವನಪೂರ್ತಿ ಉಳಿಯುತ್ತದೆ.

ಕೆಲವರಲ್ಲಿ ನಾಳದ ಒಂದು ತುಂಡು ಕರಗದೆ ಉಳಿದುಬಿಡುತ್ತದೆ. ನಿಮ್ಮ ಮಗನಿಗೆ ಆಗಿರುವುದು ಇದೇ. ಆ ತುಂಡಿನ ಒಳಪದರ ಲೋಳೆ ಸುರಿಸುತ್ತದೆ. ವರ್ಷಗಟ್ಟಲೆ ಗೊತ್ತಾಗುವುದೇ ಇಲ್ಲ. ನೆಗಡಿ, ಗಂಟಲು ಸೋಂಕು ಬಂದಾಗ ಊದಿಕೊಂಡು ಹೊರಗೆ ಕಾಣುತ್ತದೆ. ಹುಟ್ಟಿದಾಗ ಇಲ್ಲದ್ದು ಈಗ ಬಂತು ಅನ್ನಿಸುವುದು ಇದಕ್ಕೇ. ದೊಡ್ಡವರಾದ ಮೇಲೆ ಮೊದಲ ಸಲ ಕಾಣಿಸಿಕೊಳ್ಳುವುದೂ ಉಂಟು.

ಇನ್ನು ಮೂಳೆಯ ಮಾತು. ನಾಳ ಇಳಿದ ದಾರಿಯಲ್ಲೇ ಹೈಯಾಯ್ಡ್ ಬೆಳೆಯುತ್ತದೆ. ಹಾಗಾಗಿ ನಾಳ ಮೂಳೆಯ ನಡುಭಾಗಕ್ಕೆ ಅಂಟಿಕೊಂಡಿರುತ್ತದೆ, ಕೆಲವೊಮ್ಮೆ ಅದರ ಹಿಂದಕ್ಕೂ ಸುತ್ತಿಕೊಂಡಿರುತ್ತದೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕವಲುಗಳೂ ಇರುತ್ತವೆ. ನಾಲಿಗೆ ಚಾಚಿದಾಗ ಮೂಳೆ ಮೇಲೇಳುತ್ತದೆ, ಜೊತೆಗೆ ಗಂಟೂ. ಬರೀ ಗಂಟನ್ನು ತೆಗೆದರೆ ಈ ಕವಲುಗಳು ಒಳಗೇ ಉಳಿಯುತ್ತವೆ. ಹಾಗೆ ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಗಂಟು ಮತ್ತೆ ಬಂದಿದೆ. ಅದಕ್ಕೇ ಅಮೆರಿಕದ ಸರ್ಜನ್ ವಾಲ್ಟರ್ ಸಿಸ್ಟ್ರಂಕ್ 1920ರಲ್ಲಿ ವಿವರಿಸಿದ ವಿಧಾನವೇ ಇವತ್ತಿಗೂ ನಡೆಯುತ್ತಿದೆ: ಗಂಟು, ಹೈಯಾಯ್ಡ್‌ನ ನಡುವಿನ ಚೂರು, ಅಲ್ಲಿಂದ ನಾಲಿಗೆಯ ಬುಡದವರೆಗಿನ ನಾಳ, ಮೂರನ್ನೂ ಒಟ್ಟಿಗೆ ತೆಗೆಯುವುದು. ಆಗ ಮತ್ತೆ ಬರುವ ಸಾಧ್ಯತೆ ತುಂಬಾ ಕಡಿಮೆ. ಹೈಯಾಯ್ಡ್ ಬೇರೆ ಯಾವ ಮೂಳೆಗೂ ಕೂಡಿಕೊಂಡಿಲ್ಲ. ನಡುವಿನ ಚೂರು ಹೋದರೂ ಮಗು ಮೊದಲಿನ ಹಾಗೆ ಮಾತಾಡುತ್ತದೆ, ನುಂಗುತ್ತದೆ. ನಿಮ್ಮ ಡಾಕ್ಟರ್ ಸರಿಯಾದದ್ದನ್ನೇ ಹೇಳಿದ್ದಾರೆ.

ಆಪರೇಷನ್‌ಗೆ ಮುಂಚೆ ಕತ್ತಿನ ಅಲ್ಟ್ರಾಸೌಂಡ್ ಆಗಿದೆಯಾ ಕೇಳಿ. ಥೈರಾಯ್ಡ್ ತನ್ನ ಜಾಗದಲ್ಲಿ ಇದೆ ಅನ್ನುವುದು ಖಚಿತವಾಗಬೇಕು. ಅಪರೂಪಕ್ಕೆ ಥೈರಾಯ್ಡ್ ಅರ್ಧ ದಾರಿಯಲ್ಲೇ ನಿಂತು, ಗಂಟಿನ ಹಾಗೆ ಕಾಣುವುದೇ ಆ ಮಗುವಿನ ಪೂರ್ತಿ ಥೈರಾಯ್ಡ್ ಆಗಿರುತ್ತದೆ. ತಿಳಿಯದೆ ಅದನ್ನು ತೆಗೆದರೆ ಜೀವನಪೂರ್ತಿ ಮಾತ್ರೆ ನುಂಗಬೇಕು.

ಗಂಟು ಕೆಂಪಾಗಿ ನೋವು, ಜ್ವರ ಬಂದರೆ ತಡಮಾಡದೆ ತೋರಿಸಿ. ಉಸಿರಾಡಲು, ನುಂಗಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಸೋಂಕು ಇದ್ದರೆ ಮೊದಲು ಅದನ್ನು ಔಷಧಿಯಿಂದ ಇಳಿಸಿ, ಕೆಲವು ವಾರ ಬಿಟ್ಟು ಆಪರೇಷನ್ ಮಾಡುತ್ತಾರೆ. ಮನೆಯಲ್ಲಿ ಒತ್ತುವುದು, ಚುಚ್ಚುವುದು ಬೇಡ.