ಓದುಗರ ಪ್ರಶ್ನೆ: ಗ್ರಾಮಫೋನ್ ತೋಳು ಒಳಕ್ಕೇಕೆ ಜಾರುತ್ತದೆ?

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯ ಹಳೆಯ ರೆಕಾರ್ಡ್ ಪ್ಲೇಯರಿನಲ್ಲಿ ಹಾಡು ಏರುದನಿಗೆ ಹೋದಾಗ ಬಲಗಡೆಯ ಸ್ಪೀಕರ್ ಮಾತ್ರ ಒಡಕಾಗಿ ಕೇಳಿಸುತ್ತದೆ. ರಿಪೇರಿಯವರು ‘ಸ್ಕೇಟಿಂಗ್ ಬಲ’ ಎಂದರು. ಸುರುಳಿಯಾದ ಗೀರು ತೋಳನ್ನು ಒಳಕ್ಕೆ ಎಳೆಯುವುದೇ ಇದಕ್ಕೆ ಕಾರಣವೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕಾರಣ ಸುರುಳಿಯಲ್ಲ, ಘರ್ಷಣೆ. ತುಂಗೆಯ ದಡದ ಗೂಟಕ್ಕೆ ಹಗ್ಗದಿಂದ ಕಟ್ಟಿದ ದೋಣಿಯನ್ನು ನೀವು ನೋಡಿರುತ್ತೀರಿ. ಹಗ್ಗವು ಹರಿವಿಗೆ ಓರೆಯಾಗಿದ್ದರೆ, ಎರಡೂ ಒಂದೇ ಗೆರೆಗೆ ಬರುವವರೆಗೆ ನೀರು ದೋಣಿಯನ್ನು ಪಕ್ಕಕ್ಕೆ ಸರಿಸುತ್ತದೆ. ಇಲ್ಲಿ ತಿರುಗುವ ತಟ್ಟೆಯೇ ಹೊಳೆ, ತೋಳೇ ಹಗ್ಗ. ಮುಳ್ಳು ಗೀರಿನ ದಿಕ್ಕಿಗೇ ಮುಖ ಮಾಡಿರಲೆಂದು ತೋಳಿನ ತಲೆಯನ್ನು ಸುಮಾರು 23 ಡಿಗ್ರಿ ಓರೆಯಾಗಿ ಕೂರಿಸಿರುವುದರಿಂದ, ಘರ್ಷಣೆಯ ಎಳೆತವು ತೋಳಿನ ತಿರುಗುಬಿಂದುವಿನ ಮೂಲಕ ಹಾಯದೆ ತೋಳನ್ನು ತಟ್ಟೆಯ ನಡುವಿನ ಕಡೆಗೆ ಹೊರಳಿಸುತ್ತದೆ. ಇದೇ ಸ್ಕೇಟಿಂಗ್ ಬಲ. ಮುಳ್ಳಿನ ಭಾರ (ಮುಳ್ಳು ತಟ್ಟೆಯನ್ನು ಒತ್ತುವ ಬಲ) 2 ಗ್ರಾಂ, ಘರ್ಷಣಾಂಕ (ಎಳೆತವು ಆ ಭಾರದ ಎಷ್ಟು ಪಾಲು ಎಂಬ ಅಂಕಿ) 0.3 ಎಂದಿಟ್ಟುಕೊಂಡರೆ ಎಳೆತ 0.6 ಗ್ರಾಂ ತೂಕದಷ್ಟು. ಅದರಲ್ಲಿ ಒಳಮುಖದ ಪಾಲು ಸುಮಾರು 0.23 ಗ್ರಾಂ. ಅಲ್ಪವೆನಿಸಿದರೂ ಮುಳ್ಳು ಗೀರಿನ ಒಳಗೋಡೆಗೆ ಒರಗಲು ಅಷ್ಟು ಸಾಕು. ಸ್ಟೀರಿಯೊ ತಟ್ಟೆಗಳಲ್ಲಿ ಒಳಗೋಡೆಯಲ್ಲಿ ಎಡದ ದನಿಯೂ ಹೊರಗೋಡೆಯಲ್ಲಿ ಬಲದ ದನಿಯೂ ಇರುತ್ತವೆ. ಹೊರಗೋಡೆಯ ಮೇಲಿನ ಒತ್ತಡ ತಗ್ಗುವುದರಿಂದ ಬಲಗಡೆಯೇ ಮೊದಲು ಒಡೆಯುತ್ತದೆ.

ತೋಳಿನ ಬುಡದಲ್ಲಿರುವ, ತೋಳನ್ನು ಹೊರಕ್ಕೆಳೆದು ಈ ಬಲವನ್ನು ಸರಿದೂಗಿಸುವ ಆಂಟಿ-ಸ್ಕೇಟಿಂಗ್ ತಿರುಪನ್ನು ಮೊದಲು ಮುಳ್ಳಿನ ಭಾರದ ಅಂಕಿಗೇ ಇಟ್ಟು, ಬಳಿಕ ಕಿವಿಯನ್ನು ನಂಬಿ ಅಷ್ಟಷ್ಟೇ ಹೊಂದಿಸಿ. ಗೀರಿಲ್ಲದ ನುಣುಪು ತಟ್ಟೆಯ ಮೇಲೆ ಪರೀಕ್ಷಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಮುಳ್ಳಿನ ತುದಿ ತಾಗುವ ರೀತಿಯೇ ಬೇರೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತಟ್ಟೆಗೆ ಬೂಷ್ಟು ಹಿಡಿದಿದ್ದರೆ, ಹೊಂದಿಸುವ ಮೊದಲೇ ಅದನ್ನು ತೊಳೆದು ಒಣಗಿಸಿಕೊಳ್ಳಿ.