ನೀಲಿ ಗೋಲ ಖಾಲಿ, ಎದುರಿಗೆ ಬಾಸ್: ಗೇಮ್ ಆಡುವವರ ಪ್ರಶ್ನೆಗಳಿಗೆ ಉತ್ತರ

ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಆನ್‌ಲೈನ್ ಆ್ಯಕ್ಷನ್ ಗೇಮ್ ಹೊಸದಾಗಿ ಶುರು ಮಾಡಿದವರಿಗೆ ಮಾನಾ ಸಾಲುತ್ತಿಲ್ಲ, ಜೊತೆಗೆ ಗೇಮ್ ತುಂಬಾ ಕಷ್ಟ ಅನಿಸುತ್ತಿದೆ. ಎರಡೂ ಬೇರೆ ಬೇರೆ ತೊಂದರೆ ಅಂದುಕೊಂಡು ಬರೆದಿದ್ದೀರಿ. ಬಹಳಷ್ಟು ಸಲ ಎರಡೂ ಒಂದೇ, ಅದಕ್ಕೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಈ ಗೇಮ್‌ಗಳನ್ನು ಆಡದವರಿಗೆ ಒಂದು ಮಾತು: ಮಂತ್ರ (ಸ್ಪೆಲ್) ಅಥವಾ ವಿಶೇಷ ಏಟು (ಸ್ಕಿಲ್) ಹಾಕಿದಾಗಲೆಲ್ಲ ಖರ್ಚಾಗುವ ಶಕ್ತಿಯೇ ಮಾನಾ. ಪರದೆಯ ಮೇಲೆ ಸಾಮಾನ್ಯವಾಗಿ ನೀಲಿ ಪಟ್ಟಿ ಅಥವಾ ನೀಲಿ ಗೋಲದ ರೂಪದಲ್ಲಿ ಕಾಣುತ್ತದೆ.

ಪ್ರಶ್ನೆ: ಸರ್, ಡಯಾಬ್ಲೊ 4 ಆಡ್ತಿದೀನಿ, ಸೋರ್ಸರರ್ (ಮಂತ್ರವಾದಿ) ತಗೊಂಡಿದೀನಿ. ಮೂರು ಸಲ ದೊಡ್ಡ ಸ್ಪೆಲ್ ಹಾಕುವಷ್ಟರಲ್ಲಿ ಬಲಗಡೆಯ ಗೋಲ ಖಾಲಿ. ಮಾನಾ ಜಾಸ್ತಿ ಮಾಡೋ ಐಟಂ ಸಿಕ್ಕಿದ್ದೆಲ್ಲ ಹಾಕಿಕೊಂಡಿದೀನಿ, ಏನೂ ಪ್ರಯೋಜನ ಇಲ್ಲ. ಫ್ರೆಂಡ್ಸ್ ಎಲ್ಲ ಹಾರ್ಡ್‌ನಲ್ಲೇ ಆಡೋದರಿಂದ ನಾನೂ ಹಾರ್ಡ್‌ನಲ್ಲಿ ಶುರು ಮಾಡಿದೆ. – ಎಂಜಿನಿಯರಿಂಗ್ ವಿದ್ಯಾರ್ಥಿ, ಸರಸ್ವತಿಪುರಂ, ಮೈಸೂರು

ಉತ್ತರ: ಮಂಡ್ಯ ಕಡೆ ಮಳೆಗಾಲದಲ್ಲಿ ಪೇಪರ್ ತೆಗೆದರೆ ಮೊದಲು ಕಣ್ಣು ಹೋಗೋದು ಕೆಆರ್‌ಎಸ್ ಸುದ್ದಿಗೆ. ಅಲ್ಲಿ ನೀರಿನ ಮಟ್ಟ, ಒಳಹರಿವು, ಹೊರಹರಿವು ಅಂತ ಮೂರು ಅಂಕಿ ಇರುತ್ತವೆ. ಕಟ್ಟೆ ಗರಿಷ್ಠ 124.80 ಅಡಿ ತುಂಬಿದ್ದರೂ ಒಳಹರಿವು ನಿಂತು ನಾಲೆಗೆ ಬಿಡ್ತಾನೇ ಹೋದರೆ ಮಟ್ಟ ಇಳಿಯಲೇಬೇಕು, ಅಲ್ವಾ. ಮಾನಾನೂ ಹೀಗೇ. ನೀವು ಹಾಕಿಕೊಂಡಿರುವ ಐಟಂಗಳೆಲ್ಲ ಮಟ್ಟ ಏರಿಸುವಂಥವು. ನಿಮ್ಮ ತೊಂದರೆ ಇರೋದು ಉಳಿದ ಎರಡು ಅಂಕಿಗಳಲ್ಲಿ.

ಸುಲಭದ ಲೆಕ್ಕ ಹಾಕೋಣ. ಒಟ್ಟು ಮಾನಾ 100, ಒಂದು ಸ್ಪೆಲ್‌ಗೆ 30, ಸೆಕೆಂಡಿಗೆ 5 ವಾಪಸ್ ಬರುತ್ತೆ ಅಂತ ಇಟ್ಟುಕೊಳ್ಳಿ. ಮೂರು ಸಲ ಪಟಪಟನೆ ಹಾಕಿದಿರಿ, ಮುಗೀತು. ಅಲ್ಲಿಂದ ಮುಂದೆ ಪ್ರತಿ ಸ್ಪೆಲ್‌ಗೆ 6 ಸೆಕೆಂಡ್ ಕಾಯಬೇಕು. ಈಗ ಐಟಂ ಹಾಕಿ ಒಟ್ಟು ಮಾನಾವನ್ನು 130 ಮಾಡಿದಿರಿ ಅನ್ನಿ, ಜಗಳದ ಶುರುವಿನಲ್ಲಿ ಒಂದೇ ಒಂದು ಸ್ಪೆಲ್ ಜಾಸ್ತಿ ಸಿಕ್ಕಿತು, ಆಮೇಲೆ ಮತ್ತೆ ಅದೇ 6 ಸೆಕೆಂಡ್. ಅದರ ಬದಲು ಸೆಕೆಂಡಿಗೆ ಬರುವ 5 ಅನ್ನು 8 ಮಾಡಿಕೊಂಡರೆ ಕಾಯೋದು 4 ಸೆಕೆಂಡಿಗಿಂತ ಕಡಿಮೆ, ಅದೂ ಜಗಳ ಮುಗಿಯುವ ತನಕ. ಹಾಗಾಗಿ ಐಟಂ ನೋಡುವಾಗ ಸೆಕೆಂಡಿಗೆ ಎಷ್ಟು ಮಾನಾ ಬರುತ್ತೆ, ಸ್ಪೆಲ್‌ನ ಖರ್ಚು ಎಷ್ಟು ಕಡಿಮೆ ಆಗುತ್ತೆ ಅನ್ನೋ ಸಾಲುಗಳನ್ನು ಮೊದಲು ಓದಿ. ಒಟ್ಟು ಮಾನಾ ಆಮೇಲೆ.

ಇನ್ನು ಹಾರ್ಡ್ ವಿಷಯ. ಡಿಫಿಕಲ್ಟಿ, ಅಂದ್ರೆ ಕಷ್ಟದ ಹಂತ, ಏರಿಸಿದಾಗ ರಾಕ್ಷಸರ ಏಟು ಮಾತ್ರ ಜೋರಾಗೋದಿಲ್ಲ, ಅವರ ಜೀವವೂ ಜಾಸ್ತಿ ಆಗುತ್ತೆ. ನಾರ್ಮಲ್‌ನಲ್ಲಿ ಎರಡು ಸ್ಪೆಲ್‌ಗೆ ಬೀಳುತ್ತಿದ್ದವನು ಹಾರ್ಡ್‌ನಲ್ಲಿ ನಾಲ್ಕು ಕೇಳಿದರೆ ನಿಮ್ಮ ಖರ್ಚು ಎರಡರಷ್ಟಾಯಿತು. ಆದಾಯ ಮಾತ್ರ ಅಷ್ಟೇ. ನೀವು ಇದನ್ನೇ ಮಾನಾ ಸಾಲಲ್ಲ ಅಂತ ಬರೆದಿರೋದು. ಹಾರ್ಡ್‌ನಲ್ಲಿ ಅನುಭವದ ಅಂಕ, ಚಿನ್ನ ಜಾಸ್ತಿ ಸಿಗುತ್ತೆ ಅನ್ನೋದು ನಿಜ. ಆದರೆ ಪ್ರತಿ ಗುಂಪಿಗೂ ನಿಂತು ನಿಂತು ಕಾಯುವವನು ನಾರ್ಮಲ್‌ನಲ್ಲಿ ಓಡಾಡಿಕೊಂಡು ಹೊಡೆಯುವವನಿಗಿಂತ ಹಿಂದೆ ಬೀಳ್ತಾನೆ.

ಪರೀಕ್ಷೆ ಮಾಡೋದು ಸುಲಭ. ಬಾಸ್ (ದೊಡ್ಡ ರಾಕ್ಷಸ) ಹತ್ತಿರ ಹೋಗಬೇಡಿ. ಬಯಲಿನಲ್ಲಿ ಸಿಗುವ ಮಾಮೂಲಿ ಗುಂಪೊಂದನ್ನು ಹಿಡಿದು ಅದು ಪೂರ್ತಿ ಬೀಳುವವರೆಗೆ ನೀಲಿ ಗೋಲವನ್ನು ನೋಡ್ತಾ ಇರಿ. ಕಾಲು ಭಾಗವಾದರೂ ಉಳಿದಿದ್ದರೆ ಆ ಡಿಫಿಕಲ್ಟಿ ನಿಮಗೆ ಸರಿ. ಗುಂಪು ಅರ್ಧ ಇರುವಾಗಲೇ ಗೋಲ ಬರಿದಾದರೆ ಒಂದು ಮೆಟ್ಟಿಲು ಇಳಿಯಿರಿ, ಗೇರ್ (ಆಯುಧ, ಕವಚ) ಸುಧಾರಿಸಿದ ಮೇಲೆ ಮತ್ತೆ ಹತ್ತಿ. ಡಿಫಿಕಲ್ಟಿಯನ್ನು ಆಮೇಲೂ ಬದಲಾಯಿಸಬಹುದು. ಸೋರ್ಸರರ್‌ನ ಬೇಸಿಕ್ ಸ್ಕಿಲ್‌ಗಳಿಗೆ ಮಾನಾ ಖರ್ಚಿಲ್ಲ ಅನ್ನೋದನ್ನೂ ಮರೆಯಬೇಡಿ. ಒಬ್ಬನೇ ಉಳಿದಿದ್ದಾಗ, ಸಾಯೋ ಹಂತದಲ್ಲಿ ಇದ್ದಾಗ ಬೇಸಿಕ್ ಸ್ಕಿಲ್ ಸಾಕು. ದೊಡ್ಡದನ್ನು ಐದಾರು ಜನ ಒಟ್ಟಿಗೆ ನಿಂತಾಗ ಹಾಕಿ.

ಪ್ರಶ್ನೆ: ಅಣ್ಣಾ, ಡೋಟಾ 2ನಲ್ಲಿ ಕ್ರಿಸ್ಟಲ್ ಮೇಡನ್ ಅನ್ನೋ ಹೀರೋ ಆಡ್ತೀನಿ. ಟೀಮ್ ಫೈಟ್ ಶುರು ಆಗೋ ಹೊತ್ತಿಗೆ ನನ್ನ ಹತ್ರ ಮಾನಾನೇ ಇರಲ್ಲ. ಸೀನಿಯರ್‌ಗಳು ಮೈಕ್‌ನಲ್ಲಿ ಬಾಯಿಗೆ ಬಂದ ಹಾಗೆ ಬೈತಾರೆ. ಏನು ಮಾಡ್ಲಿ? – ಪಿಯುಸಿ ಹುಡುಗ, ಮಳವಳ್ಳಿ

ಉತ್ತರ: ಬೈಯೋರನ್ನ ಮ್ಯೂಟ್ ಮಾಡು ತಮ್ಮಾ, ಅದಕ್ಕೆ ಬಟನ್ ಇದೆ. ಕಲಿಯೋ ಹುಡುಗನ ಮೇಲೆ ಕೂಗಾಡಿ ಯಾರೂ ಮ್ಯಾಚ್ ಗೆದ್ದಿಲ್ಲ.

ಈಗ ಮಾನಾ. ಡೋಟಾದಲ್ಲಿ ಬುದ್ಧಿಶಕ್ತಿಯ ಒಂದೊಂದು ಅಂಕಕ್ಕೂ 12 ಮಾನಾ ಸಿಗುತ್ತೆ. ಶುರುವಿನ ಲೆವೆಲ್‌ಗಳಲ್ಲಿ ಆ ಅಂಕವೇ ಕಡಿಮೆ, ಆದ್ದರಿಂದ ಪಾತ್ರೆ ಚಿಕ್ಕದು. ಅದರಲ್ಲಿ ಒಂದು ಪಾಲನ್ನು ಮೊದಲೇ ಎತ್ತಿಡು. ಊರಿಗೋ ಟವರ್ ಹತ್ರಕ್ಕೋ ನೇರ ಹಾರಿಸೋ ಟೌನ್ ಪೋರ್ಟಲ್ ಸ್ಕ್ರೋಲ್ ಬಳಸೋಕೆ 75 ಮಾನಾ ಬೇಕು. ನೀಲಿ ಪಟ್ಟಿ 75ಕ್ಕಿಂತ ಕೆಳಗೆ ಹೋದರೆ ನೀನು ಊರಿಗೂ ಹೋಗೋಕಾಗಲ್ಲ, ಟವರ್ ಕಾಪಾಡೋಕೂ ಬರೋಕಾಗಲ್ಲ. ಆದ್ದರಿಂದ ನಿನ್ನ ಪಾಲಿಗೆ ಸೊನ್ನೆ ಅಂದ್ರೆ 75. ಕೊಲ್ಲೋದು ಖಾತ್ರಿ ಇದ್ದಾಗ ಅಥವಾ ನಿನ್ನ ಜೀವ ಹೋಗೋ ಹಾಗಿದ್ದಾಗ ಮಾತ್ರ ಅದಕ್ಕಿಂತ ಕೆಳಗಿಳಿ.

ಲೇನ್‌ನಲ್ಲಿ (ಎರಡೂ ಟೀಮ್ ಎದುರಾಗೋ ದಾರಿ) ಬೇಸರಕ್ಕೆ ಸ್ಪೆಲ್ ಹಾಕೋ ಅಭ್ಯಾಸ ಹೊಸಬರೆಲ್ಲರಿಗೂ ಇರುತ್ತೆ. ಕೂಲ್‌ಡೌನ್ (ಮತ್ತೆ ಹಾಕೋಕೆ ಕಾಯೋ ಸಮಯ) ಮುಗಿದು ಬಟನ್ ಬೆಳಗಿತು, ಬೆರಳು ತಾನಾಗೇ ಒತ್ತಿತು. ನೋವಾ ಸ್ಪೆಲ್ ಒಂದು ಕ್ರೀಪ್ (ಕಂಪ್ಯೂಟರ್ ನಡೆಸೋ ಸೈನಿಕ) ಮೇಲೆ ಬಿತ್ತು, ಎದುರಾಳಿ ಹೀರೋಗೆ ತಾಗಲೇ ಇಲ್ಲ. ಇಂಥದ್ದು ಮೂರು ಆದರೆ ಫೈಟ್‌ಗೆ ಬೇಕಾಗಿದ್ದ ಮಾನಾ ಅಲ್ಲೇ ಹೋಯಿತು. ಬಟನ್ ಬೆಳಗೋದು ಹಾಕಬಹುದು ಅಂತ ಹೇಳೋಕೆ, ಹಾಕು ಅಂತಲ್ಲ. ಒತ್ತೋ ಮುಂಚೆ ಈ ಏಟಿಗೆ ಯಾರಾದರೂ ಓಡಬೇಕಾಗುತ್ತಾ, ಸಾಯ್ತಾರಾ, ನಮ್ಮೋರು ಉಳೀತಾರಾ ಅಂತ ನೋಡು. ಮೂರಕ್ಕೂ ಇಲ್ಲ ಅಂದ್ರೆ ಕೈ ತಡೆ, ಸುಮ್ನೆ ರೈಟ್ ಕ್ಲಿಕ್‌ನಲ್ಲಿ ಹೊಡೀತಾ ಇರು.

ಕ್ಲ್ಯಾರಿಟಿ ಅನ್ನೋ ಮದ್ದು ಕೊಂಡುಕೋ, ಅಗ್ಗ. ಆದರೆ ಅದು ನಿಧಾನವಾಗಿ ಮಾನಾ ತುಂಬುತ್ತೆ. ಕುಡಿದ ಮೇಲೆ ಎದುರಾಳಿ ಹೀರೋ ಒಂದು ಏಟು ಕೊಟ್ಟರೂ ನಿಂತುಹೋಗುತ್ತೆ. ಆದ್ದರಿಂದ ಮರಗಳ ಹಿಂದೆ ಹೋಗಿ ಕುಡಿ. ಎದುರಿಗಿರೋನು ಪದೇ ಪದೇ ಸ್ಪೆಲ್ ಹಾಕೋನಾದ್ರೆ ಮ್ಯಾಜಿಕ್ ಸ್ಟಿಕ್ ತಗೋ. ಅವನು ನಿನ್ನ ಕಣ್ಣೆದುರು ಸ್ಪೆಲ್ ಹಾಕಿದಾಗಲೆಲ್ಲ ಅದರಲ್ಲಿ ಒಂದು ಚಾರ್ಜ್ ಸೇರುತ್ತೆ, ಒತ್ತಿದಾಗ ಪ್ರತಿ ಚಾರ್ಜ್‌ಗೆ 15 ಜೀವ, 15 ಮಾನಾ ತಕ್ಷಣ ಬರುತ್ತೆ. ಕ್ರಿಸ್ಟಲ್ ಮೇಡನ್‌ಗಂತೂ ತನ್ನದೇ ಆರ್ಕೇನ್ ಔರಾ ಇದೆ, ಇಡೀ ಟೀಮ್‌ಗೆ ಮಾನಾ ಕೊಡುವ ಹೀರೋ ಅವಳು. ಆ ಸ್ಕಿಲ್‌ಗೆ ಬೇಗ ಅಂಕ ಹಾಕು.

ಇನ್ನೊಂದು. ಮಾನಾ ಇಲ್ಲದಿದ್ದಾಗ ಟೀಮ್‌ಗೆ ಹೇಳಬೇಕು. ಆಲ್ಟ್ ಹಿಡಿದು ಸ್ಕಿಲ್ ಮೇಲೆ ಕ್ಲಿಕ್ ಮಾಡಿದರೆ ಮಾನಾ ಸಾಲದು ಅಂತ ಎಲ್ಲರ ಪರದೆಗೂ ಸುದ್ದಿ ಹೋಗುತ್ತೆ. ಅರ್ಧ ಬೈಗುಳ ಬರೋದು ಅವರಿಗೆ ನಿನ್ನ ಸ್ಥಿತಿ ಗೊತ್ತಿಲ್ಲದೆ ಫೈಟ್‌ಗೆ ನುಗ್ಗಿದ ಮೇಲೆ. ಜನರ ಜೊತೆ ಆಡೋಕೆ ಮುಂಚೆ ಕಂಪ್ಯೂಟರ್ ಆಡಿಸೋ ಬಾಟ್‌ಗಳ ಜೊತೆ ಆಡು. ಅದರಲ್ಲೂ ಪ್ಯಾಸಿವ್‌ನಿಂದ ಅನ್‌ಫೇರ್‌ವರೆಗೆ ಐದು ಹಂತ ಇದೆ. ಈಸಿಯಲ್ಲಿ 75ರ ನಿಯಮ ಕೈಗೆ ಹತ್ತಿದ ಮೇಲೆ ಮೀಡಿಯಂಗೆ ಹೋಗು.

ಪ್ರಶ್ನೆ: ನೈಟ್ ಶಿಫ್ಟ್ ಮುಗಿಸಿ ಬಂದು ಪಾತ್ ಆಫ್ ಎಕ್ಸೈಲ್ ಆಡ್ತೀನಿ. ಐದನೇ ಆ್ಯಕ್ಟ್‌ವರೆಗೆ ಆರಾಮಾಗಿ ಬಂದೆ. ಆರನೇದು ಶುರು ಆದ ಮೇಲೆ ಸಿಕ್ಕಿದವರೆಲ್ಲ ನನ್ನನ್ನು ಹೊಡೆದು ಹಾಕ್ತಿದ್ದಾರೆ. ಗೇಮ್ ಏಕಾಏಕಿ ಯಾಕೆ ಹೀಗಾಯ್ತು? ಹೊಸ ಸಪೋರ್ಟ್ ಜೆಮ್ ಹಾಕಿದ ಮೇಲೆ ಮಾನಾನೂ ನಿಲ್ತಿಲ್ಲ. – ಕಾರ್ಖಾನೆ ನೌಕರ, ಪಾಂಡವಪುರ

ಉತ್ತರ: ನಿಮ್ಮ ಆಟ ಕೆಟ್ಟಿಲ್ಲ ಸರ್. ಐದನೇ ಆ್ಯಕ್ಟ್‌ನ ಕೊನೆಗೆ ಬಾಸ್ ಕಿಟಾವಾನನ್ನು ಮುಗಿಸಿದ ಕೂಡಲೇ ಗೇಮ್ ನಿಮ್ಮ ಏಟು ತಡೆಯುವ ಶಕ್ತಿ, ಅಂದ್ರೆ ರೆಸಿಸ್ಟೆನ್ಸ್‌ಗಳಿಂದ ಶೇ. 30 ಕಿತ್ತುಕೊಳ್ಳುತ್ತೆ. ಬೆಂಕಿ, ಚಳಿ, ಸಿಡಿಲು ಎಲ್ಲದರಿಂದಲೂ. ಇದು ಶಾಶ್ವತ. ಹತ್ತನೇ ಆ್ಯಕ್ಟ್ ಆದ ಮೇಲೆ ಇನ್ನೊಂದು 30 ಹೋಗುತ್ತೆ. ಇದನ್ನು ಹೇಳುವ ಸಾಲು ಒಂದು ಸಲ ಬಂದು ಹೋಗುತ್ತೆ, ನಿದ್ದೆಗಣ್ಣಿನಲ್ಲಿ ಆಡುವವರಿಗೆ ಕಾಣೋದು ಕಷ್ಟ. ರೆಸಿಸ್ಟೆನ್ಸ್‌ನ ಮಾಮೂಲಿ ಮಿತಿ ಶೇ. 75. ಪಾತ್ರದ ವಿವರದ ಪುಟ ತೆಗೆದು ಮೂರನ್ನೂ ನೋಡಿ. ಎಲ್ಲಿ ಕಡಿಮೆಯೋ ಅದಕ್ಕೆ ತಕ್ಕ ಉಂಗುರ, ಬೆಲ್ಟ್, ಬೂಟು ಹುಡುಕಿ, ಏಟು ಜಾಸ್ತಿ ಕೊಡುವ ಐಟಂ ಸದ್ಯಕ್ಕೆ ಪಕ್ಕಕ್ಕಿಡಿ. ಆರನೇ ಆ್ಯಕ್ಟ್‌ನಿಂದ ಸತ್ತಾಗಲೆಲ್ಲ ಆ ಲೆವೆಲ್‌ನ ಅನುಭವದಲ್ಲಿ ಶೇ. 5 ಕಳೆಯುತ್ತೆ, ಕಥೆ ಮುಗಿದ ಮೇಲೆ ಶೇ. 10. ಹಾಗಾಗಿ ಇಲ್ಲಿ ಎರಡು ಸಂಜೆ ನಿಂತು ಗೇರ್ ಸರಿ ಮಾಡಿಕೊಂಡರೆ ಸಮಯ ಹಾಳಾಗಲ್ಲ.

ಸ್ಕಿಲ್‌ಗೆ ಬಲ ಕೊಡುವ ಸಪೋರ್ಟ್ ಜೆಮ್ ವಿಷಯ ನೀವೇ ಹಿಡಿದಿದ್ದೀರಿ. ಒಂದೊಂದು ಜೆಮ್ಮೂ ಸ್ಕಿಲ್‌ನ ಖರ್ಚನ್ನು ಗುಣಿಸುತ್ತೆ, ಕೂಡಿಸೋದಲ್ಲ. 10 ಮಾನಾದ ಸ್ಕಿಲ್‌ಗೆ ಶೇ. 130ರ ಮೂರು ಸಪೋರ್ಟ್ ಸೇರಿಸಿ ನೋಡಿ: 13 ಆಯ್ತು, 17ರ ಹತ್ತಿರ ಆಯ್ತು, 22ಕ್ಕೆ ಬಂತು. ಎರಡರಷ್ಟಕ್ಕಿಂತ ಜಾಸ್ತಿ. ಮೂರನೆಯ ಜೆಮ್ ತೆಗೆದು ಒಂದು ದಿನ ಆಡಿ ನೋಡಿ, ಕೆಲವು ಸಲ ಅದಿಲ್ಲದೆಯೇ ಬೇಗ ಕೊಲ್ಲಬಹುದು, ಯಾಕಂದ್ರೆ ಕಾಯೋದು ತಪ್ಪುತ್ತೆ. ಸದಾ ಹಚ್ಚಿಟ್ಟಿರುವ ಔರಾ ಸ್ಕಿಲ್‌ಗಳನ್ನೂ ನೋಡಿಕೊಳ್ಳಿ. ಹೇಟ್ರೆಡ್, ಡಿಟರ್ಮಿನೇಷನ್ ತರಹದ ದೊಡ್ಡ ಔರಾ ಒಂದೊಂದೂ ನಿಮ್ಮ ಮಾನಾದ ಅರ್ಧವನ್ನು ಹಿಡಿದಿಟ್ಟುಕೊಳ್ಳುತ್ತೆ. ಆ ಅರ್ಧ, ಮಾನಾ ತುಂಬುವ ಫ್ಲಾಸ್ಕ್ ಕುಡಿದರೂ ವಾಪಸ್ ಬರಲ್ಲ. ಫ್ಲಾಸ್ಕ್ ತುಂಬೋದು ರಾಕ್ಷಸರನ್ನು ಕೊಂದಾಗ, ಇಲ್ಲವೇ ಊರಿಗೆ ಬಂದಾಗ. ಬಾಸ್ ಒಂಟಿಯಾಗಿ ನಿಂತಿದ್ದರೆ ಮಧ್ಯೆ ತುಂಬೋದು ಕಷ್ಟ. ಆದ್ದರಿಂದ ಬಾಸ್ ಬಾಗಿಲ ಹತ್ತಿರ ಬಂದಾಗ ಪೋರ್ಟಲ್ ತೆಗೆದು ಊರಿಗೆ ಹೋಗಿ ತುಂಬಿಸಿಕೊಂಡು ಬನ್ನಿ.

ಪ್ರಶ್ನೆ: ಒಂಬತ್ತನೇ ಕ್ಲಾಸ್ ಓದುವ ಮಗ ಗೆನ್ಶಿನ್ ಇಂಪ್ಯಾಕ್ಟ್ ಆಡ್ತಾನೆ. ಸೋತರೆ ಮೊಬೈಲ್ ಎಸೀತಾನೆ. ದುಡ್ಡು ಹಾಕಿದ್ರೆ ಒಳ್ಳೆ ಕ್ಯಾರೆಕ್ಟರ್ ಬರುತ್ತೆ, ಸುಲಭ ಆಗುತ್ತೆ ಅಂತ ದಿನಾ ಪೀಡಿಸ್ತಾನೆ. ನಿಜವಾ? – ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಮೇಡಂ, ದುಡ್ಡಿಗೆ ಸಿಗೋದು ಕ್ಯಾರೆಕ್ಟರ್ ಅಲ್ಲ, ಅದೃಷ್ಟ ನೋಡುವ ಅವಕಾಶ. ಆ ಗೇಮ್‌ನ ಕ್ಯಾರೆಕ್ಟರ್ ವಿಷ್‌ನಲ್ಲಿ (ಚೀಟಿ ಎತ್ತುವಂಥದ್ದು) ಒಂದು ಸಲ ಎತ್ತಿದಾಗ ಐದು ಸ್ಟಾರ್, ಅಂದ್ರೆ ಅಪರೂಪದ್ದು, ಬರುವ ಮೂಲ ಸಾಧ್ಯತೆ ಶೇ. 0.6. ತೊಂಬತ್ತನೇ ಸಲದೊಳಗೆ ಒಂದು ಐದು ಸ್ಟಾರ್ ಖಂಡಿತ ಬರುತ್ತೆ, ಆದರೆ ಅದು ಅವನು ಕೇಳಿದ್ದೇ ಆಗಬೇಕಂತಿಲ್ಲ. ಕಾರ್ಡ್, ಯುಪಿಐ ಯಾವುದನ್ನೂ ಅವನ ಮೊಬೈಲ್‌ಗೆ ಜೋಡಿಸಬೇಡಿ. ಈ ಮಾತಿನಲ್ಲಿ ಗಟ್ಟಿಯಾಗಿರಿ.

ಅವನ ಕಷ್ಟ ಮಾತ್ರ ಸುಳ್ಳಲ್ಲ. ಈ ಭಾಗ ಅವನಿಗೇ ಓದಿಸಿ. ಗೆನ್ಶಿನ್‌ನಲ್ಲಿ ಮಾನಾ ಬದಲು ಎನರ್ಜಿ ಇದೆ, ಬರ್ಸ್ಟ್ (ದೊಡ್ಡ ಏಟು) ಹಾಕೋಕೆ ಅದು ತುಂಬಬೇಕು. ಸ್ಕಿಲ್ ಹೊಡೆದಾಗ ಹೊಳೆಯುವ ಕಣಗಳು ಹಾರಿಬರುತ್ತವೆ. ಕಣದ ಬಣ್ಣದ್ದೇ ಕ್ಯಾರೆಕ್ಟರ್ ಆದರೆ 3 ಎನರ್ಜಿ, ಬೇರೆ ಬಣ್ಣದವರಿಗೆ 1. ನಾಲ್ವರ ತಂಡದಲ್ಲಿ ಹಿಂದೆ ನಿಂತವರಿಗೆ ಅದರ ಶೇ. 60 ಮಾತ್ರ. ಅಂದ್ರೆ ಸ್ಕಿಲ್ ಹೊಡೆದು ಕಣ ಬರುವಷ್ಟರಲ್ಲಿ ಯಾರ ಬರ್ಸ್ಟ್ ಬೇಕೋ ಅವರನ್ನು ಮುಂದಕ್ಕೆ ತರಬೇಕು. ಹೊಸಬರು ಇಷ್ಟವಾದ ಒಬ್ಬರನ್ನೇ ಇಟ್ಟುಕೊಂಡು ಆಡ್ತಾರೆ, ಉಳಿದ ಮೂವರು ಯಾವತ್ತೂ ತುಂಬೋದೇ ಇಲ್ಲ.

ಇದರಲ್ಲಿ ಈಸಿ, ಹಾರ್ಡ್ ಅಂತ ಆರಿಸುವ ಜಾಗ ಕಾಣಲ್ಲ. ಆದರೂ ಕಷ್ಟ ಅವನ ಕೈಯಲ್ಲೇ ಇದೆ. ಅಡ್ವೆಂಚರ್ ರ್‍ಯಾಂಕ್ 25, 35, 45, 50ರಲ್ಲಿ ಗೇಮ್ ನಿಲ್ಲಿಸಿ ಒಂದು ಪರೀಕ್ಷೆಯಂಥ ಕ್ವೆಸ್ಟ್ ಕೊಡುತ್ತೆ. ಅದನ್ನು ಮುಗಿಸಿದರೆ ವರ್ಲ್ಡ್ ಲೆವೆಲ್ ಏರಿ ಶತ್ರುಗಳೆಲ್ಲ ಬಲಿಯುತ್ತಾರೆ. ಮುಗಿಸಲೇಬೇಕು ಅಂತ ಯಾರೂ ಓಡಿಸ್ತಿಲ್ಲ. ನಾಲ್ವರ ಲೆವೆಲ್, ಆಯುಧ ಸರಿ ಹೋಗುವವರೆಗೆ ಆ ಕ್ವೆಸ್ಟ್ ಮುಟ್ಟಬೇಡ ಅಂತ ಹೇಳಿ. ಮೊಬೈಲ್ ಎಸೆಯೋದಕ್ಕೆ ಮಾತ್ರ ಗೇಮ್‌ನಲ್ಲಿ ಮದ್ದಿಲ್ಲ, ಎಸೆದ ದಿನ ಆಟ ಇಲ್ಲ ಅನ್ನೋದನ್ನ ಮನೆಯಲ್ಲೇ ತೀರ್ಮಾನ ಮಾಡಬೇಕು.

ಪ್ರಶ್ನೆ: ಹಾರ್ಡ್‌ಕೋರ್ ಮೋಡ್‌ನಲ್ಲಿ ಆಡಿದ್ರೆ ಬೇಗ ಕಲೀತೀವಿ ಅಂತಾರೆ. ಶುರು ಮಾಡ್ಲಾ? ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆಡೋದು. – ಶ್ರೀರಂಗಪಟ್ಟಣ ತಾಲೂಕಿನ ಓದುಗ

ಉತ್ತರ: ಈಗ ಬೇಡ. ಡಯಾಬ್ಲೊದಲ್ಲಿ ಹಾರ್ಡ್‌ಕೋರ್ ಪಾತ್ರ ಸತ್ತರೆ ಹೋಯಿತು ಅಂತಲೇ ಲೆಕ್ಕ. ಪಾತ್ ಆಫ್ ಎಕ್ಸೈಲ್‌ನಲ್ಲಿ ಮಾಮೂಲಿ ಲೀಗ್‌ಗೆ ಇಳಿಸ್ತಾರೆ. ಎರಡೂ ಕಡೆ ನೆಟ್ ಹೋಗಿತ್ತು, ಕರೆಂಟ್ ಹೋಗಿತ್ತು ಅಂದರೆ ಯಾರೂ ಕೇಳಲ್ಲ. ಪಿಂಗ್ (ಸರ್ವರ್‌ಗೆ ಹೋಗಿ ಬರೋ ಸಮಯ) 300 ಮಿಲಿಸೆಕೆಂಡ್ ಮುಟ್ಟಿದರೆ ನೀವು ಒತ್ತಿದ್ದು ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ ತಡವಾಗಿ ನಡೆಯುತ್ತೆ. ಸ್ಪೆಲ್ ಹೋಗಲಿಲ್ಲ ಅಂದುಕೊಂಡು ಮತ್ತೆ ಒತ್ತುತ್ತೀರಿ, ಎರಡೂ ಹೋಗಿ ಮಾನಾ ಖಾಲಿ. ಇದು ನೀವು ಹಾಕದೆ ಇರೋ ಡಿಫಿಕಲ್ಟಿ, ಅದರ ಮೇಲೆ ಹಾರ್ಡ್‌ಕೋರ್ ಬೇರೆ ಯಾಕೆ? ಮಾಮೂಲಿ ಮೋಡ್‌ನಲ್ಲಿ ಒಮ್ಮೆ ಪೂರ್ತಿ ಕಥೆ ಮುಗಿಸಿ. ಆಮೇಲೂ ಆಸೆ ಇದ್ದರೆ ಮನೆಗೆ ಫೈಬರ್ ಬರುತ್ತಾ ವಿಚಾರಿಸಿ, ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿಸಿ, ಗೇಮ್‌ನಲ್ಲಿ ಸರ್ವರ್ ಪಟ್ಟಿ ಇದ್ದರೆ ಪಿಂಗ್ ಕಡಿಮೆ ತೋರಿಸುವುದನ್ನು ಆರಿಸಿ, ಆಗ ಶುರು ಮಾಡಿ.