ಕಾಯಿಲೆಯ ವಿವರ ಯಾರಿಗೆ ಹೇಳಬಹುದು?

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸಮಾಜಕಾರ್ಯಕರ್ತೆ. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವ ಯುವತಿಯೊಬ್ಬರ ಕಾಯಿಲೆಯ ವಿವರವನ್ನು ಅವರ ಅತ್ತೆ-ಮಾವ ಪದೇ ಪದೇ ಕೇಳುತ್ತಿದ್ದಾರೆ. ಹೇಳಬಹುದೇ?

ಉತ್ತರ: ಆಕೆಯ ಒಪ್ಪಿಗೆಯಿಲ್ಲದೆ ಹೇಳಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಯ ಹಕ್ಕನ್ನು ರೋಗಿಗೇ ಕೊಟ್ಟಿದೆ. ಆಕೆಯ ನಾಮನಿರ್ದೇಶಿತ ಪ್ರತಿನಿಧಿಗೆ (ಚಿಕಿತ್ಸೆಯ ವಿಷಯದಲ್ಲಿ ತನ್ನ ಪರವಾಗಿರಲೆಂದು ಆಕೆ ಹೆಸರಿಸಿದವರಿಗೆ), ಚಿಕಿತ್ಸೆಯಲ್ಲಿ ತೊಡಗಿರುವ ಇತರ ವೃತ್ತಿಪರರಿಗೆ, ಜೀವಕ್ಕೆ ಅಪಾಯವಿದ್ದಾಗ ಅಥವಾ ನ್ಯಾಯಾಲಯ ಆದೇಶಿಸಿದಾಗ, ಹೀಗೆ ಕೆಲವೇ ಸಂದರ್ಭಗಳಲ್ಲಿ ಮಾಹಿತಿ ನೀಡಬಹುದು. ಅತ್ತೆ-ಮಾವ ಎಂಬ ಸಂಬಂಧವೊಂದರಿಂದಲೇ ಆ ಅಧಿಕಾರ ಬರುವುದಿಲ್ಲ. ರೋಗದ ಹೆಸರು ನಮ್ಮ ಮನೆಗಳಲ್ಲಿ ಎಷ್ಟು ಬೇಗ ಹಣೆಪಟ್ಟಿಯಾಗುತ್ತದೆಂಬುದನ್ನು ನೀವೂ ಕಂಡಿರುತ್ತೀರಿ. ಮೊದಲು ಆಕೆಯೊಡನೆ ಏಕಾಂತದಲ್ಲಿ ಮಾತನಾಡಿ, ಯಾರಿಗೆ ಎಷ್ಟು ತಿಳಿಸಬಹುದೆಂದು ಕೇಳಿ, ಆ ಉತ್ತರವನ್ನು ಕಡತದಲ್ಲಿ ದಾಖಲಿಸಿ. ಮನೆಯವರ ಆತಂಕವೂ ನಿಜವೇ. ಅವರಿಗೆ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ರ ಸಂಖ್ಯೆ ಕೊಡಿ.